ಮದುವೆ ಸೆಟ್ಟಿಂಗಿನಲ್ಲಿ ಅಳಿಸಿಹೋದ ಕೆನ್ನೆ

ಶಿರಸಿಯಲ್ಲಿ ಮದುವೆ ವಿಡಿಯೋ ಮಾಡುವವರಿಗೆ ಗಿರಾಕಿಗಳು ಹೇಳುವ ಮೊದಲ ಮಾತು ಒಂದೇ: “ಸ್ವಲ್ಪ ಬೆಳ್ಳಗೆ ಮಾಡಿ.” ಮದುಮಗಳು ಕಪ್ಪಿದ್ದರೂ ಹೇಳುತ್ತಾರೆ, ಬೆಳ್ಳಗಿದ್ದರೂ ಹೇಳುತ್ತಾರೆ. ನಾನು ಮಾಡಿಕೊಡುತ್ತೇನೆ. ಮೊಡವೆ, ಮಚ್ಚೆ, ಕಣ್ಣ ಕೆಳಗಿನ ಕಪ್ಪು, ಅತ್ತೆಯಂದಿರ ಹಣೆಯ ಗೆರೆ, ಎಲ್ಲ ಅಳಿಸಿದ್ದೇನೆ. ನನ್ನ ಮದುವೆಯ ಆಲ್ಬಂನಲ್ಲಿ ನನ್ನ ಬಣ್ಣವನ್ನು ನಾನೇ ಎರಡು ಮೆಟ್ಟಿಲು ಏರಿಸಿಕೊಂಡಿದ್ದೇನೆ. ನನ್ನ ಗಂಡ ಈಗಲೂ ಆ ಆಲ್ಬಂ ತೆರೆದಾಗ “ಈಕೆ ಯಾರು, ಎಲ್ಲಿಗೆ ಹೋದಳು?” ಎಂದು ಕೇಳುತ್ತಾನೆ. ಇಂಥವಳ ಹತ್ತಿರ ಒಬ್ಬರು ಬಂದು ‘ಒಳಗಿನ ಸೌಂದರ್ಯ’ದ ಮೇಲೆ ವಿಡಿಯೋ ಮಾಡಿಕೊಡು ಎಂದರೆ ನಗದೆ ಇನ್ನೇನು ಮಾಡಲಿ?

ಬಂದವರು ಗುಡ್ನಾಪುರದ ಕಡೆಯ ಒಂದು ಹೈಸ್ಕೂಲಿನ ಹೆಡ್ ಮೇಡಂ. ನಮ್ಮ ಕಡೆಯವರೇ, ಸಿದ್ದಾಪುರದಿಂದ ಬಂದು ಇಸಳೂರಿನಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಇದ್ದಾರೆ. ಅವರು ಶಾಲೆಯ ದೊಡ್ಡ ಟಿವಿಯಲ್ಲಿ ಪ್ರತಿ ಶನಿವಾರ ಮಕ್ಕಳಿಗೆ ಒಳ್ಳೆಯ ವಿಡಿಯೋ ತೋರಿಸುತ್ತಿದ್ದರು. ಒಂದು ಶನಿವಾರ ಯಾವುದೋ ದೇಶದ ಹುಡುಗಿಯೊಬ್ಬಳ ಕಥೆ. ಮುಖದ ಕಾರಣಕ್ಕೆ ಎಲ್ಲರೂ ಅವಳನ್ನು ಗೇಲಿ ಮಾಡುತ್ತಾರೆ, ಅವಳು ಕನ್ನಡಿ ನೋಡಿ ಅಳುತ್ತಾಳೆ, ಹಿಂದೆ ಪಿಯಾನೋ. ನಮ್ಮ ಮಕ್ಕಳೆಲ್ಲ ಬಿಕ್ಕಿ ಬಿಕ್ಕಿ ಅತ್ತರಂತೆ. ಪಿ.ಟಿ. ಮಾಸ್ತರರೂ ಕಣ್ಣೊರೆಸಿಕೊಂಡರಂತೆ.

ಸೋಮವಾರ ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸ್ಟಿಕರ್ ಬಂತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಮುಖ. ಆ ಹುಡುಗಿಗೆ ಎಡಗೆನ್ನೆಯಿಂದ ಕಣ್ಣಿನವರೆಗೆ ತೊನ್ನು ಹಬ್ಬಿದೆ. ಆ ಬಿಳಿ ಕಲೆಯ ಮೇಲೆ ಯಾರೋ ರಾಜ್ಯಗಳ ಹೆಸರು ಬರೆದು, ಕೆಳಗೆ ‘ನಕಾಶೆ’ ಎಂದು ಹಾಕಿದ್ದರು. ಶನಿವಾರ ಕಣ್ಣೊರೆಸಿಕೊಂಡ ಕೈಗಳೇ ಸೋಮವಾರ ಅದನ್ನು ಫಾರ್ವರ್ಡ್ ಮಾಡಿದ್ದವು. ಆವತ್ತಿನಿಂದ ಹುಡುಗಿ ಶಾಲೆಗೆ ಬಂದಿಲ್ಲ, ಮೂರು ವಾರ ಆಗುತ್ತ ಬಂತು. ಇನ್ನು ಮನೆಯಲ್ಲೇ ಇರಲಿ, ಹತ್ತನೆಯದನ್ನು ಹೊರಗಿನಿಂದ ಕಟ್ಟಿಸುತ್ತೇವೆ ಎಂದು ತಾಯಿ ಹೇಳಿ ಕಳಿಸಿದ್ದಾರೆ.

“ಮಕ್ಕೊ ಅತ್ತಿದ್ದು ಸುಳ್ಳಲ್ಲ,” ಎಂದರು ಹೆಡ್ ಮೇಡಂ, ನಮ್ಮ ಹವ್ಯಕ ಮಾತಿನಲ್ಲಿ. “ಆದ್ರೆ ಅದು ಯಾವ್ದೋ ದೇಶದ ಕಥೆ ಹೇಳಿ ಅವ್ಕೆ ಅನಿಸಿಹೋತು. ಇಲ್ಲಿದೇ ಒಂದು ಆಗವು. ಗ್ಯಾದರಿಂಗಿಗೆ ತೋರ್ಸವು. ನೀನೇ ಮಾಡಿಕೊಡವು.”

“ಆನು ಮದುವೆ ವಿಡಿಯೋ ಮಾಡವಳು ಅಕ್ಕಾ. ಉಪದೇಶ ಎಲ್ಲ ಎಂಗೆ ಬತ್ತಿಲ್ಲೆ.”

“ಅದಕ್ಕೇ ನಿನ್ನ ಹತ್ರ ಬಂದಿದ್ದು. ಉಪದೇಶ ಮಾಡಲೆ ಆನಿದ್ದೆ.”

ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಹದಿನೆಂಟು ದಿನ ಇತ್ತು. ಒಪ್ಪಿಕೊಂಡೆ.

ಮೊದಲು ಮಾಡಿದ್ದೆಲ್ಲ ಎಡವಟ್ಟು. ಆ ಹುಡುಗಿಯನ್ನು ಕೇಳುವುದು ಬೇಡ, ನೋವಾಗುತ್ತದೆ ಎಂದು ಹೆಡ್ ಮೇಡಂ ಹತ್ತನೆಯ ತರಗತಿಯ ಇನ್ನೊಬ್ಬಳನ್ನು ಪಾತ್ರಕ್ಕೆ ಆರಿಸಿದರು. ಅವಳ ಕೆನ್ನೆಗೆ ನಾನು ಪೌಡರ್ ಕಲಸಿ ಬಿಳಿ ಕಲೆ ಬರೆದೆ. ಮೈದಾನದ ಬಿಸಿಲಿಗೆ ಹತ್ತು ನಿಮಿಷಕ್ಕೆ ಕಲೆ ಕರಗಿ ಕುತ್ತಿಗೆಗೆ ಇಳಿಯಿತು. ಸುತ್ತ ನಿಂತ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಊಟದ ಬಿಡುವು ಮುಗಿಯುವುದರೊಳಗೆ ಪಾತ್ರದ ಹುಡುಗಿಗೂ ‘ನಕಾಶೆ ನಂಬರ್ ಎರಡು’ ಎಂದು ಹೆಸರು ಬಿತ್ತು. ಗೇಲಿ ನಿಲ್ಲಿಸಲು ಹೋದವರು ಗೇಲಿಗೆ ಇನ್ನೊಂದು ಮುಖ ಹುಡುಕಿಕೊಟ್ಟಿದ್ದೆವು. ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ.

ಮಾರನೆಯ ದಿನ ಬೆಳಿಗ್ಗೆ ನನ್ನ ಫೋನಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ತೆಳ್ಳಗಿನ, ಆದರೆ ಗಟ್ಟಿ ದನಿ.

“ಅಕ್ಕಾರ, ವಿಡಿಯೋ ಮಾಡಾವ್ರು ನೀವ ಏನ್ರಿ? ನನ್ನ ಪಾರ್ಟು ಬ್ಯಾರೇದಾಕಿ ಮಾಡಾಕತ್ತಾಳಂತ ಸುದ್ದಿ ಬಂತು. ನಾನು ಇನ್ನೂ ಅದೀನಲ್ರಿ. ನನ್ನ ಪಾರ್ಟು ನಾನ ಮಾಡ್ತೀನಿ.”

ನಾನು ನಕ್ಕೆ. ಆಮೇಲೆ ನಾಚಿಕೆಯಾಯಿತು. ಅಷ್ಟು ದಿನ ಎಲ್ಲರೂ ಅವಳ ಬಗ್ಗೆ ಮಾತಾಡಿದ್ದೆವು, ಅವಳ ಹತ್ತಿರ ಯಾರೂ ಮಾತಾಡಿರಲಿಲ್ಲ.

ತಂದೆ ತಾಯಿ ಇಬ್ಬರ ಸಹಿ ತೆಗೆದುಕೊಂಡ ಮೇಲೆ ಹೆಡ್ ಮೇಡಂ ನನ್ನನ್ನು ಆ ಹುಡುಗಿಯ ಮನೆಗೆ ಕರೆದೊಯ್ದರು. ಗುಡ್ನಾಪುರದ ಕೆರೆಯಿಂದ ಸ್ವಲ್ಪ ಆಚೆ ಮನೆ. ತಂದೆಗೆ ಬನವಾಸಿಯಲ್ಲಿ ಕಿರಾಣಿ ಅಂಗಡಿ, ಬೆಳಿಗ್ಗೆಯೇ ಹೋಗಿದ್ದರು. ತಾಯಿ ಹಣೆಗೆ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದರು. “ಬರ್ರಿ, ಒಳಗ ಬರ್ರಿ, ಕುಂದರ್ರಿ” ಎಂದು ಚಾಪೆ ಹಾಸಿ, ಅವಲಕ್ಕಿ ಕೊಟ್ಟು ಉಪಚಾರ ಮಾಡಿದರು. ನಾನು ಟ್ರೈಪಾಡ್ ಬಿಚ್ಚುವಷ್ಟರಲ್ಲಿ ಮಗಳನ್ನು ಒಳಗೆ ಕರೆದುಕೊಂಡು ಹೋಗಿ ಮುಖದ ತುಂಬ ಪೌಡರ್ ಬಳಿದು ಕರೆತಂದರು.

ಗೋಡೆಯ ಮೇಲೆ ಆ ಮನೆಯ ಫೋಟೋಗಳಿದ್ದವು. ಗೃಹಪ್ರವೇಶ, ಅಕ್ಕನ ಮದುವೆ, ಯಾರದೋ ತೊಟ್ಟಿಲು. ಎಲ್ಲದರಲ್ಲೂ ಈ ಹುಡುಗಿ ಒಂದು ತುದಿಯಲ್ಲಿ, ಕತ್ತು ಎಡಕ್ಕೆ ಹೊರಳಿಸಿ, ಬಲಗೆನ್ನೆ ಮಾತ್ರ ಕಾಣುವಂತೆ ನಿಂತಿದ್ದಳು. ಕಲೆ ಶುರುವಾದ ನಾಲ್ಕನೆಯ ತರಗತಿಯಿಂದ ತಾಯಿ ಹಾಗೆ ನಿಲ್ಲಲು ಕಲಿಸಿದ್ದರು. ಈಗ ಯಾರೂ ಹೇಳಬೇಕಿರಲಿಲ್ಲ. ನಾನು ಲೆನ್ಸಿನ ಮುಚ್ಚಳ ತೆಗೆದ ಕೂಡಲೇ ಅವಳ ಕತ್ತು ತಾನಾಗಿ ಎಡಕ್ಕೆ ತಿರುಗಿತು.

“ಮುಖ ತೊಳೆದುಕೊಂಡು ಬರ್ತೀಯಾ?” ಎಂದೆ. ಅವಳು ತಾಯಿಯ ಕಡೆ ನೋಡದೆ ಬಚ್ಚಲಿಗೆ ಹೋದಳು.

ಅವಳ ಮುಖವನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಸುಲಭವಿರಲಿಲ್ಲ. ಮದುವೆಯಲ್ಲಿ ನಾವು ಲೈಟನ್ನು ಎದುರಿನಿಂದ ಸುರಿಯುತ್ತೇವೆ, ಮುಖದ ಏರುತಗ್ಗೆಲ್ಲ ಮಾಯವಾಗಲಿ ಎಂದು. ಅದೇ ಅಭ್ಯಾಸದಲ್ಲಿ ಲೈಟು ಹಚ್ಚಿದೆ, ಕಲೆಯಿದ್ದ ಭಾಗ ಪೂರ್ತಿ ಬಿಳುಚಿ ಕಾಗದದ ಹಾಗೆ ಆಯಿತು. ಲೈಟು ಆರಿಸಿದೆ. ಕಿಟಕಿಯ ಪಕ್ಕ ಕೂರಿಸಿ, ಇನ್ನೊಂದು ಕಡೆ ಬೆಳಕು ಮರಳಿ ಬೀಳಲೆಂದು ಥರ್ಮೋಕೋಲ್ ಹಾಳೆ ನಿಲ್ಲಿಸಿ, ಕ್ಯಾಮೆರಾದೊಳಗೆ ಹೋಗುವ ಬೆಳಕನ್ನು ಇಳಿಸುತ್ತ ಬಂದೆ. ಆಗ ಕಲೆಯ ಅಂಚು ಕಂಡಿತು, ಅದರೊಳಗೆ ಉಳಿದ ಕಂದು ಚುಕ್ಕೆಗಳು ಕಂಡವು, ಎಡಗಣ್ಣಿನ ರೆಪ್ಪೆಯ ನಾಲ್ಕಾರು ಬಿಳಿ ಕೂದಲು ಕಂಡವು. ಇಷ್ಟು ವರ್ಷ ಮುಖಗಳನ್ನೇ ನೋಡಿದ್ದೇನೆ, ಒಂದು ಮುಖವನ್ನು ಇಷ್ಟು ಹೊತ್ತು ಇರುವ ಹಾಗೇ ನೋಡಿದ್ದು ಅದೇ ಮೊದಲು. ಚಂದವಿತ್ತು, ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ.

ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ. ನಲವತ್ತು ನಿಮಿಷ ಮಾತಾಡಿದಳು. ನಡುವೆ ಪಕ್ಕದ ಗದ್ದೆಯ ಪಂಪು ಶುರುವಾಯಿತು, ಓಡಿಹೋಗಿ ನಿಲ್ಲಿಸಿ ಎಂದು ಹೇಳಿಬಂದೆ. ಕಾಲರ್ ಮೈಕು ಅವಳ ವೇಲಿಗೆ ಉಜ್ಜಿ ಸದ್ದು ಮಾಡಿತು, ಪಿನ್ನು ಬದಲಿಸಿದೆ. ಪ್ರತಿ ಸಲವೂ ಅವಳು ನಿಲ್ಲಿಸಿದ ಮಾತಿನಿಂದಲೇ ಮುಂದುವರಿಸಿದಳು.

“ಸ್ಟಿಕರ್ ಮಾಡಿದ್ದು ಯಾರಂತ ನನಗ ಗೊತ್ತಿಲ್ಲ, ಗೊತ್ತಾಗೂದೂ ಬ್ಯಾಡ,” ಎಂದಳು. “ನನ್ನ ಬೆಂಚಿನ್ಯಾಗ ಕೂಡಾಕಿ, ದಿನಾ ನನ್ನ ಡಬ್ಬಿ ರೊಟ್ಟಿ ತಿನ್ನಾಕಿ, ಆಕಿನೂ ನಗೂ ಚಿತ್ರ ಹಾಕಿ ಮುಂದ ಕಳಿಸಿದ್ಲು. ಅದು ನೋವಾತು. ಉಳಿದದ್ದೆಲ್ಲಾ ರೂಢಿ ಐತಿ.”

ಇಂಥ ವಿಡಿಯೋಗಳನ್ನು ನೋಡಿದ್ದೀಯಾ ಎಂದು ಕೇಳಿದೆ.

“ಭಾಳ ನೋಡೀನ್ರಿ. ಎಲ್ಲಾದ್ರಾಗೂ ಕಡೀಕ ಆ ಹುಡುಗಿ ಕನ್ನಡಕಾ ತಗದು, ಕೂದಲಾ ಬಿಟ್ಕೊಂಡು ಚಂದ ಆಗ್ತಾಳ. ಒಳಗಿನ ಚಂದ, ಒಳಗಿನ ಚಂದ ಅಂತಾರ, ತೋರ್ಸೂದು ಹೊರಗಿಂದ.”

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ಇಷ್ಟು ಸರಿಯಾಗಿ ನಾನೂ ಯಾರಿಗೂ ಅನ್ವಯಿಸಿರಲಿಲ್ಲ. ಆದರೆ ಒಂದು ವಿಡಿಯೋ ಮಾತ್ರ ಅವಳಿಗೆ ಇಷ್ಟವಂತೆ. ಎಲ್ಲಿಯದೋ ಒಬ್ಬ ಹೆಂಗಸು, ಅವಳ ಕೈ ಮುಖದ ಮೇಲೂ ಹೀಗೇ ಕಲೆ, ಕಸೂತಿ ಕಲಿಸುತ್ತಾಳೆ. “ಆಕಿ ಬುದ್ಧಿ ಹೇಳೂದೇ ಇಲ್ರಿ. ಸೂಜ್ಯಾಗ ದಾರಾ ಪೋಣಿಸ್ತಾಳ, ಹೊಲೀತಾಳ, ಅಷ್ಟ. ಅದನ್ನ ನೋಡಿದ ದಿನ ನಾನೂ ಆರಾಮ ಇರ್ತೀನಿ. ಅಂಥಾದ್ದು ಮಾಡ್ರಿ.”

ಆ ನಲವತ್ತು ನಿಮಿಷವನ್ನು ಮೂರೂವರೆ ನಿಮಿಷಕ್ಕೆ ಇಳಿಸಿದೆ. ಸಂಗೀತ ಹಾಕಲಿಲ್ಲ. ಹೆಮ್ಮೆಯಾಗಿತ್ತು, ಮದುವೆಯವಳೂ ಹೀಗೊಂದು ಮಾಡಬಲ್ಲಳು ಎಂದು. ಹೆಮ್ಮೆ ಬಂದಲ್ಲೇ ಕಾಲು ಜಾರಿತು.

ನಡೆದದ್ದು ಇಷ್ಟು. ನನ್ನ ಕಂಪ್ಯೂಟರಿನಲ್ಲಿ ‘ಮದುವೆ’ ಎಂದು ಹೆಸರಿಟ್ಟ ಒಂದು ಸೆಟ್ಟಿಂಗ್ ಇದೆ. ಎಡಿಟಿಂಗ್ ಮುಗಿದು ಕೊನೆಯ ಫೈಲ್ ಹೊರತೆಗೆಯುವಾಗ ಅದು ಮುಖ ಇರುವಲ್ಲೆಲ್ಲ ತಾನಾಗಿ ಚರ್ಮ ನಯ ಮಾಡಿ, ಕಲೆ ತೆಗೆದು, ಬಣ್ಣವನ್ನು ಒಂದೇ ಸಮಕ್ಕೆ ತರುತ್ತದೆ. ನೂರು ಮದುವೆಯಲ್ಲಿ ನೂರಕ್ಕೂ ಬೇಕಾಗುವುದರಿಂದ ಅದನ್ನು ಖಾಯಂ ಮಾಡಿಟ್ಟಿದ್ದೆ. ಎಡಿಟ್ ಮಾಡುವಾಗ ಪರದೆಯಲ್ಲಿ ಅದು ಕಾಣುವುದಿಲ್ಲ, ಹೊರಬಂದ ಫೈಲಿನಲ್ಲಿ ಮಾತ್ರ ಕಾಣುತ್ತದೆ. ಆ ಶನಿವಾರ ನನಗೆ ಯಲ್ಲಾಪುರದಲ್ಲಿ ಮದುವೆ, ಸಂಜೆಗೆ ಅದರದೇ ರಿಸೆಪ್ಷನ್ ಇತ್ತು. ಫೈಲ್ ತೆಗೆದೆ, ತೆರೆದು ನೋಡದೆ ಹೆಡ್ ಮೇಡಂಗೂ ಹುಡುಗಿಯ ತಾಯಿಗೂ ಕಳಿಸಿದೆ, ಗಾಡಿ ಹತ್ತಿದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕಸುಬಿನ ಗುಣ ಅದಕ್ಕಿಂತ ಗಟ್ಟಿ.

ಮಧ್ಯಾಹ್ನ ಕಲ್ಯಾಣಮಂಟಪದಲ್ಲಿ ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುತ್ತಿರುವಾಗ ತಾಯಿಯ ಫೋನು ಬಂತು. ಅಳುತ್ತಿದ್ದರು.

“ಅಕ್ಕಾರ, ನಿಮಗ ಪುಣ್ಯಾ ಬರ್ಲಿ. ನನ್ನ ಮಗಳು ಎಷ್ಟ ಚಂದ ಕಾಣ್ತಾಳ್ರಿ! ಐದು ವರ್ಷದ ಮ್ಯಾಲ ಆಕಿ ಮುಖಾ ನೋಡಿದಂಗಾತು. ಬೀಗರಿಗೆಲ್ಲಾ ಕಳಿಸಿಬಿಟ್ಟೀನಿ.”

ನನಗೆ ಅರ್ಥವಾಗಲಿಲ್ಲ. ಊಟದ ಮನೆಯ ಹಿಂದೆ ಹೋಗಿ ಫೋನಿನಲ್ಲಿ ವಿಡಿಯೋ ತೆರೆದೆ. ಕಿಟಕಿಯ ಬೆಳಕು ಇತ್ತು, ಅವಳ ದನಿ ಇತ್ತು. ಎಡಗೆನ್ನೆಯ ಕಲೆ ಇರಲಿಲ್ಲ. ನುಣ್ಣನೆಯ, ಯಾರದೋ ಮುಖವೊಂದು “ಉಳಿದದ್ದೆಲ್ಲಾ ರೂಢಿ ಐತಿ” ಎಂದು ಹೇಳುತ್ತಿತ್ತು. ಆ ಸಂಜೆಯ ರಿಸೆಪ್ಷನ್ನನ್ನು ಹೇಗೆ ಮುಗಿಸಿದೆನೋ ಗೊತ್ತಿಲ್ಲ.

ಹೆಡ್ ಮೇಡಂಗೆ ಫೋನು ಮಾಡಿದರೆ ಅವರೂ ಅರೆಮನಸ್ಸಿನಲ್ಲಿದ್ದರು. “ತಾಯಿ ಇಷ್ಟು ಖುಷಿಯಾಗಿದ್ದು. ಹಾಂಗೇ ಇರ್ಲಿ ಬಿಡು ಹೇಳಿ ಅನಿಸ್ತು ಎಂಗೂ. ಹುಡುಗಿ ಎಂತ ಹೇಳ್ತು?”

ಹುಡುಗಿಯನ್ನು ನಾನಿನ್ನೂ ಕೇಳಿಯೇ ಇರಲಿಲ್ಲ. ಅದೇ ನನಗೆ ಹೆದರಿಕೆ.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್, ಕ್ಯಾಮೆರಾ ಹೊತ್ತುಕೊಂಡು ಗುಡ್ನಾಪುರಕ್ಕೆ ಹೋದೆ. ಹುಡುಗಿ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಎದ್ದು ನಿಲ್ಲಲಿಲ್ಲ. ನಾನು ಪಕ್ಕದಲ್ಲಿ ಕೂತು ಸುಳ್ಳು ಹೇಳದೆ ಎಲ್ಲ ಹೇಳಿದೆ: ಸೆಟ್ಟಿಂಗು, ನನ್ನ ಅವಸರ, ನೋಡದೆ ಕಳಿಸಿದ್ದು. ತಪ್ಪಾಯಿತು ಎಂದೆ.

ಅವಳು ಎರಡು ಮೆಣಸಿನಕಾಯಿಯ ತೊಟ್ಟು ತೆಗೆದಳು.

“ಸ್ಟಿಕರ್ ಮಾಡಿದವ್ರು ನನ್ನ ಮುಖಾ ಆದ್ರೂ ಇಟ್ಟಿದ್ರು ಅಕ್ಕಾರ,” ಎಂದಳು.

ಇಷ್ಟು ವರ್ಷದ ಕಸುಬಿನಲ್ಲಿ ಬೈಸಿಕೊಂಡಿದ್ದೇನೆ, ಆಲ್ಬಂ ಮುಖಕ್ಕೆ ಎಸೆಸಿಕೊಂಡಿದ್ದೇನೆ. ಇಷ್ಟು ಮೆತ್ತಗೆ ಯಾರೂ ಹೊಡೆದಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಮೆಣಸಿನಕಾಯಿ ಘಾಟು ಎಂದು ಹೇಳಿ ಒರೆಸಿಕೊಂಡೆ. ಅವಳಿಗೆ ಗೊತ್ತಾಯಿತು.

“ಹೆಂಗ ತಗದ್ರಿ ಅದನ್ನ? ತೋರ್ಸ್ರಿ,” ಎಂದು ಕೈ ತೊಳೆದುಕೊಂಡು ಬಂದಳು.

ಲ್ಯಾಪ್‌ಟಾಪ್ ತೆರೆದು ಆ ಸೆಟ್ಟಿಂಗನ್ನೇ ತೋರಿಸಿದೆ, ಅದನ್ನು ಬೇರೆಯಾಗಿ ತೆರೆದರೆ ಪರದೆಯಲ್ಲೂ ಕಾಣುತ್ತದೆ. ಸೊನ್ನೆಯಿಂದ ನೂರರವರೆಗೆ ಒಂದು ಗೆರೆ, ಅದರ ಮೇಲೆ ಜಾರುವ ಒಂದು ಗುಂಡಿ. ಬಲಕ್ಕೆ ಎಳೆದರೆ ಕಲೆ ತೆಳುವಾಗುತ್ತ ಹೋಗುತ್ತದೆ, ನೂರಕ್ಕೆ ಮುಟ್ಟಿದರೆ ಇಲ್ಲವೇ ಇಲ್ಲ. ಎಡಕ್ಕೆ ತಂದರೆ ಮೊದಲು ಅಂಚು, ಆಮೇಲೆ ಕಂದು ಚುಕ್ಕೆ, ಕೊನೆಗೆ ರೆಪ್ಪೆಯ ಬಿಳಿ ಕೂದಲು. ಅವಳು ನನ್ನ ಕೈ ಸರಿಸಿ ತಾನೇ ಎಳೆದಳು. ಅತ್ತ ಒಯ್ದಳು, ಇತ್ತ ತಂದಳು. ಹತ್ತು ಸಲವಾದರೂ ಆಗಿರಬೇಕು. ಕೊನೆಗೆ ಸೊನ್ನೆಗೆ ತಂದು ಬಿಟ್ಟು ಬೆರಳು ತೆಗೆದಳು.

“ಇದನ್ನ ತೋರ್ಸೋಣ್ರಿ. ಹಿಂಗ ಎಳಿಯೂದನ್ನ. ಆಮ್ಯಾಲ ನನ್ನ ಮಾತು.”

ನಾನು ಅವಳನ್ನೇ ನೋಡಿದೆ. ನನ್ನ ತಪ್ಪನ್ನೇ ವಿಡಿಯೋದ ಬಾಗಿಲು ಮಾಡಿಬಿಟ್ಟಿದ್ದಳು. ಹದಿನಾಲ್ಕು ವರ್ಷದ ಹುಡುಗಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ತಾಯಿ ಎಲ್ಲ ಕೇಳಿಸಿಕೊಂಡಿದ್ದರು. “ಬ್ಯಾಡ್ರಿ ಅಕ್ಕಾರ. ಮೊದಲು ಕಳಿಸಿದ್ರಲ್ಲ, ಅದ ಇರ್ಲಿ. ನಾಳೆ ಹೆಣ್ಣ ನೋಡಾಕ ಬರೋ ಮಂದಿ ಇದನ್ನೂ ನೋಡ್ತಾರ. ಒಂದು ಕಡೆ ಆದ್ರೂ ನನ್ನ ಮಗಳು ಚಂದ ಇರ್ಲಿ ಅಂತ ಆಸೆ ಇರೂದಿಲ್ಲೇನ್ರಿ ತಾಯಿಗೆ?”

“ಬಂದಾಗ ಅಲ್ಲಿ ನಾನ ಕುಂತಿರ್ತೀನಲ್ಲಬೇ,” ಎಂದಳು ಮಗಳು. “ವಿಡಿಯೋ ಬಂದು ಚಾ ಕೊಡೂದಿಲ್ಲ.”

ತಾಯಿಗೆ ನಗು ಬಂತು, ಜೊತೆಗೆ ಅಳುವೂ ಬಂತು. ಅವರನ್ನು ತಪ್ಪು ಎನ್ನಲು ನನಗೆ ಬಾಯಿಲ್ಲ. ಐದು ವರ್ಷ ಅವರು ಮಗಳ ಕತ್ತನ್ನು ಎಡಕ್ಕೆ ತಿರುಗಿಸಿದ್ದು ಪ್ರೀತಿಯಿಂದ, ನಾನು ಆ ಗುಂಡಿ ಎಳೆಯುತ್ತಿದ್ದದ್ದು ಬರೀ ಅಭ್ಯಾಸದಿಂದ. ಕೊನೆಗೆ “ಆಕಿ ಒಪ್ಪಿದ್ರ ನನ್ನ ತಕರಾರಿಲ್ಲ” ಎಂದು ಹೇಳಿ ಅವರು ಒಳಗೆ ಹೋದರು. ಲ್ಯಾಪ್‌ಟಾಪಿನ ಕಡೆ ನೋಡಲಿಲ್ಲ.

ಪರದೆಯನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಇನ್ನೊಂದು ತಲೆನೋವು. ಮೊದಲ ಸಲ ಪರದೆಯ ಮೇಲೆ ಕಪ್ಪು ಪಟ್ಟೆಗಳು ಉರುಳಿದವು. ಕ್ಯಾಮೆರಾದ ಶಟರ್ ವೇಗವನ್ನು ಪರದೆಯ ಮಿನುಗಿಗೆ ಹೊಂದಿಸಿದ ಮೇಲೆ ನಿಂತವು. ಎರಡನೆಯ ಸಲ ಕಿಟಕಿಯ ಬೆಳಕು ಪರದೆಯಲ್ಲಿ ಹೊಳೆಯಿತು. ಕಿಟಕಿಗೆ ಏನು ಕಟ್ಟುವುದು ಎಂದು ಹುಡುಕುತ್ತಿದ್ದರೆ, ಒಳಗಿನಿಂದ ತಾಯಿ ಒಂದು ಕಂಬಳಿ ತಂದು ಕೊಟ್ಟು ಹೋದರು. ಏಳನೆಯ ಸಲಕ್ಕೆ ಸರಿಬಂತು. ಪರದೆಯಲ್ಲಿ ನಯವಾದ ಮುಖ, ತೊಳೆದರೂ ಮೆಣಸಿನಕಾಯಿಯ ಕೆಂಪು ಉಳಿದ ಒಂದು ಬೆರಳು, ಆ ಬೆರಳು ಗುಂಡಿಯನ್ನು ನಿಧಾನಕ್ಕೆ ಸೊನ್ನೆಗೆ ತರುತ್ತದೆ. ಆಮೇಲೆ ನೇರ ಅವಳ ಮುಖ. “ಈಗ ನಾನು. ಕೇಳ್ರಿ.”

ಈ ಸಲ ಫೈಲ್ ಹೊರತೆಗೆದು ಮೂರು ಸಲ ಕೂತು ನೋಡಿದೆ, ಫೋನಿನಲ್ಲೂ ಟಿವಿಯಲ್ಲೂ. ಹೆಡ್ ಮೇಡಂ ಫೋನಿನಿಂದ ಹಳೆಯದನ್ನು ನಾನೇ ಅಳಿಸಿದೆ. ಬೀಗರ ಫೋನುಗಳಿಗೆ ಹೋದದ್ದು ಹೋಯಿತು.

ಗ್ಯಾದರಿಂಗಿನ ದಿನ ಬೆಳಿಗ್ಗೆ ಹತ್ತಕ್ಕೆ ಶಾಲೆಯ ಸಭಾಂಗಣದ ಕಿಟಕಿ ಮುಚ್ಚಿ ವಿಡಿಯೋ ಹಾಕಿದರು. ಹುಡುಗಿ ತಾಯಿಯ ಜೊತೆ ಕೊನೆಯ ಸಾಲಿನಲ್ಲಿ ಬಂದು ಕೂತಿದ್ದಳು. ಪರದೆಯ ಮೇಲೆ ನಯವಾದ ಮುಖ ಬಂದಾಗ ಮಕ್ಕಳು ಗುಸುಗುಸು ಮಾಡಿದರು, ಯಾರೋ “ಆಕೀನ ಏನಲೇ?” ಎಂದ. ಬೆರಳು ಗುಂಡಿಯನ್ನು ಎಳೆಯತೊಡಗಿತು. ಕಲೆ ವಾಪಸು ಬರುತ್ತ ಹೋದಂತೆ ಗುಸುಗುಸು ನಿಂತಿತು. ರೊಟ್ಟಿ ತಿನ್ನುವವಳ ಮಾತು ಬಂದಾಗ ಮೂರನೆಯ ಸಾಲಿನ ಒಂದು ತಲೆ ಕೆಳಗೆ ಬಾಗಿತು. ಯಾರೂ ಬಿಕ್ಕಿ ಅಳಲಿಲ್ಲ. ಮುಗಿದಾಗ ಚಪ್ಪಾಳೆಯೂ ತಡವಾಗಿ ಬಂತು.

ಹೊರಗೆ ಬೇವಿನ ಮರದ ಹತ್ತಿರ ಆ ಬೆಂಚಿನ ಗೆಳತಿ ಬಂದು ನಿಂತಳು. ಕ್ಷಮೆ ಕೇಳಲಿಲ್ಲ. ಜಡೆಯ ತುದಿ ತಿರುವುತ್ತ, “ನಾಳೆ ಬರ್ತಿ ಏನ? ವಿಜ್ಞಾನದ ನೋಟ್ಸ್ ಭಾಳ ಆಗ್ಯಾವು,” ಎಂದಳು.

“ಬರ್ತೀನಿ,” ಎಂದಳು ಹುಡುಗಿ. ಆಮೇಲೆ ಸೇರಿಸಿದಳು, “ರೊಟ್ಟಿ ಮಾತ್ರ ನೀ ತರಬೇಕು.”

ಆ ವಿಡಿಯೋವನ್ನು ಶಾಲೆಯ ಹೆಸರಿಲ್ಲದೆ ಆನ್‌ಲೈನಿಗೂ ಹಾಕಿದೆವು. ವೈರಲ್ ಏನೂ ಆಗಲಿಲ್ಲ. ಆಗಲಿ ಎಂದು ಅವಳೂ ಕಾಯಲಿಲ್ಲ, ಮಾರನೆಯ ದಿನದಿಂದ ಶಾಲೆಗೆ ಹೋದಳು. ನನಗೆ ಬೇಕಾಗಿದ್ದದ್ದು ಅಷ್ಟೇ.

ಆದರೆ ನನಗೆ ನೆನಪಿರುವುದು ಗ್ಯಾದರಿಂಗಿನ ಆ ಮಧ್ಯಾಹ್ನವೇ. ಒಂಬತ್ತನೆಯ ತರಗತಿಯ ಗುಂಪು ಫೋಟೋ ತೆಗೆಯಲು ಹೆಡ್ ಮೇಡಂ ನನ್ನನ್ನೇ ನಿಲ್ಲಿಸಿದರು. ಮಕ್ಕಳು ಮೂರು ಸಾಲಾಗಿ ನಿಂತರು. ಗೆಳತಿ ಅವಳನ್ನು ತುದಿಯಿಂದ ಎಳೆದು ನಡುವೆ ತಂದಳು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಐದು ವರ್ಷದ ರೂಢಿ ಎಲ್ಲಿ ಹೋಗುತ್ತದೆ? ಅವಳ ಕತ್ತು ತಾನಾಗಿ ಎಡಕ್ಕೆ ಹೊರಳಿತು. ಅಷ್ಟೆಲ್ಲ ಮಾತಾಡಿದವಳ ಕತ್ತು! ನಾನು ಕ್ಯಾಮೆರಾ ಇಳಿಸಿದೆ.

ಅಷ್ಟರಲ್ಲಿ ನನ್ನ ಬೆನ್ನ ಹಿಂದಿನಿಂದ ಅವಳ ತಾಯಿ ಗಟ್ಟಿಯಾಗಿ ಕೂಗಿದರು.

“ಆ ಕಡೆ ಯಾಕ ನೋಡ್ತೀ? ಇತ್ತ ನೋಡವಾ, ನನ್ನ ಕಡೆ, ಪೂರಾ ತಿರುಗು!”

ಅವಳು ತಿರುಗಿದಳು. ನಾನು ಒತ್ತಿದೆ. ಆ ಫೋಟೋವನ್ನು ಕಂಪ್ಯೂಟರಿಗೆ ಹಾಕದೆ, ಕ್ಯಾಮೆರಾದಲ್ಲಿ ಇದ್ದ ಹಾಗೇ ಪ್ರಿಂಟ್ ಹಾಕಿಸಿ ಅವರ ಮನೆಗೆ ಕೊಟ್ಟುಬಂದೆ.